ಒಂದು ಮಾತ್ರೆಯಲ್ಲಿ ಮೂರು ಸ್ವರ

ಸಂಗೀತವು ಗುರುಮುಖದಿಂದ ಬರತಕ್ಕ ವಿದ್ಯೆ, ಕಾಗದದ ಮೇಲೆ ಅದು ನಿಲ್ಲಲಾರದು ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆ ಮಾತಿನಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಸಂಗೀತಗುರುಗಳಿಲ್ಲದ ಹಳ್ಳಿಗಳಲ್ಲಿ, ಹಳೆಯ ಹಾಡು ಬಲ್ಲವರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿರುವಾಗ, ಕಾಗದವನ್ನು ಬಿಟ್ಟರೆ ಬೇರೆ ಆಸರೆಯೂ ಇಲ್ಲ. ಹೀಗೆ ಕಾಗದವನ್ನು ನಂಬಿ, ಅದರ ಲಿಪಿಯ ಮರ್ಮವನ್ನು ಸರಿಯಾಗಿ ತಿಳಿಯದೆ, ನಾವೇ ಒಮ್ಮೆ ಒಂದು ಹಾಡನ್ನು ಕೆಡಿಸಿದೆವು. ಆ ತಪ್ಪು ಹೇಗಾಯಿತು, ಅದರ ಮೂಲವೆಲ್ಲಿತ್ತು ಎಂಬುದನ್ನು ಬಿಡಿಸಿ ಹೇಳಿದರೆ, ಸ್ವರಲಿಪಿಯಲ್ಲಿ ಮಕ್ಕಳಿಗೂ ಶಿಕ್ಷಕರಿಗೂ ತೊಡಕೆನಿಸುವ ತಿಶ್ರ ಮೊದಲಾದ ವಿಷಮ ಲಯಗಳ ವಿಚಾರವು ತಾನಾಗಿಯೇ ತಿಳಿಯಾದೀತೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಬೋರಾಮಣಿಯು ಸೋಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯ ಮೇಲಿನ ಊರು. ಇಲ್ಲಿಯೂ ಅಕ್ಕಲಕೋಟೆಯ ಕಡೆಗಿನ ಹಳ್ಳಿಗಳಲ್ಲಿಯೂ ಮಕ್ಕಳ ಕಿವಿಯು ಎರಡು ಭಾಷೆಗಳಲ್ಲಿ ಬೆಳೆಯುತ್ತದೆ. ಗುಡಿಯ ಕಟ್ಟೆಯ ಮೇಲೆ ಒಂದು ರಾತ್ರಿ ಪಖವಾಜದೊಡನೆ ಮರಾಠಿ ಅಭಂಗ ನಡೆದರೆ, ಇನ್ನೊಂದು ರಾತ್ರಿ ಏಕತಾರಿಯೊಡನೆ ಕನ್ನಡ ತತ್ತ್ವಪದ ನಡೆಯುತ್ತದೆ. ಇಂಥ ಒಂದು ಹಳ್ಳಿಯಲ್ಲಿ ಬೀಸುವ ಕಲ್ಲಿನ ಪದಗಳನ್ನು ಬಲ್ಲ ಅಜ್ಜಿಯೊಬ್ಬರಿದ್ದರು. ಹಿಟ್ಟಿನ ಗಿರಣಿ ಬಂದು ಎಷ್ಟೋ ವರ್ಷಗಳಾಗಿದ್ದರೂ ಅವರ ಮನೆಯ ಪಡಸಾಲೆಯಲ್ಲಿ ಕಲ್ಲು ಇನ್ನೂ ತನ್ನ ಸ್ಥಾನವನ್ನು ಬಿಟ್ಟಿರಲಿಲ್ಲ. ಒಂದು ಬೇಸಿಗೆಯಲ್ಲಿ ನಾವು ಅವರ ಬಳಿ ಕುಳಿತು ಹನ್ನೆರಡು ತ್ರಿಪದಿಗಳನ್ನು ಪದಗಳೊಡನೆ ಸ್ವರ ಹಾಕಿ ನೋಟುಬುಕ್ಕಿನಲ್ಲಿ ಬರೆದುಕೊಂಡೆವು. ಮೊಬೈಲಿನಲ್ಲಿ ಧ್ವನಿಯನ್ನೂ ಹಿಡಿದಿದ್ದೆವು. ಮೊಬೈಲು ಕೆಟ್ಟಿತು, ಧ್ವನಿಯೂ ಅದರೊಡನೆ ಹೋಯಿತು. ನೋಟುಬುಕ್ಕು ಉಳಿಯಿತು. ಮರುವರ್ಷ ಅಜ್ಜಿಯವರು ತೀರಿಕೊಂಡರು.

ಮುಂದಿನ ಸ್ನೇಹಸಮ್ಮೇಳನಕ್ಕೆ ನಾವು ಆ ನೋಟುಬುಕ್ಕನ್ನು ತೆಗೆದು, ಎಂಟು ಜನ ಹುಡುಗಿಯರಿಗೆ ಹಾರ್ಮೋನಿಯಮ್ಮಿನ ಮೇಲೆ ಆ ಹಾಡನ್ನು ಕಲಿಸಿದೆವು. ಸ್ವರ ಒಂದೂ ತಪ್ಪಲಿಲ್ಲ, ತಾಳ ತಪ್ಪಲಿಲ್ಲ, ಜನ ಚಪ್ಪಾಳೆ ತಟ್ಟಿದರು. ಕಾರ್ಯಕ್ರಮ ಮುಗಿದ ಮೇಲೆ ಅಜ್ಜಿಯವರ ಮಗಳು ಸೆರಗು ಸರಿಮಾಡಿಕೊಳ್ಳುತ್ತ ಬಳಿಗೆ ಬಂದು, "ಗುರುಗಳ, ತಪ್ಪ ತಿಳಕೋಬ್ಯಾಡ್ರಿ. ಪದ ನಮ್ಮವ್ವನೂವೇ ಅವ. ಆದ್ರ ಇದು ನಮ್ಮವ್ವನ ಹಾಡ ಅಲ್ರೀ. ಇದು ಕುಂಟತದ" ಎಂದರು.

ಕುಂಟುತ್ತದೆ ಎಂಬ ಆ ಒಂದು ಮಾತಿನಲ್ಲಿ ನಮ್ಮ ತಪ್ಪಿನ ಲಕ್ಷಣವು ಪೂರ್ಣವಾಗಿ ಅಡಕವಾಗಿತ್ತೆಂಬುದು ನಮಗೆ ತಿಳಿದದ್ದು ಬಹಳ ದಿನಗಳ ಮೇಲೆ. ಕುಂಟುವವನ ಹೆಜ್ಜೆಯಲ್ಲಿ ಒಂದು ಹೆಜ್ಜೆ ಬೇಗ ಬೀಳುತ್ತದೆ, ಇನ್ನೊಂದು ತಡೆದು ನಿಲ್ಲುತ್ತದೆ. ನಾವು ಬರೆದ ಸ್ವರಲಿಪಿಯಲ್ಲಿಯೂ ಆದದ್ದು ಅದೇ.

ಈಗ ಮೂಲಕ್ಕೆ ಬರೋಣ. ತಾಳದ ಒಂದು ಎಣಿಕೆಗೆ ಮಾತ್ರೆಯೆಂದು ಹೆಸರು. ಗಡಿಯಾರದ ಸೆಕೆಂಡಿನ ಮುಳ್ಳಿನಂತೆ ಅದು ಸಮವಾಗಿ ನಡೆಯಬೇಕು. ಅದರೊಳಗೆ ಎಷ್ಟು ಸ್ವರಗಳನ್ನು ಕೂಡಿಸುವುದೆಂಬುದು ಹಾಡಿನ ಇಷ್ಟ. ಒಂದು ಮಾತ್ರೆಯಲ್ಲಿ ಎರಡು ಸ್ವರ ಬಂದರೆ ತಲೆಗೆ ಅರ್ಧ ಮಾತ್ರೆ. ನಾಲ್ಕು ಬಂದರೆ ಕಾಲು ಮಾತ್ರೆ. ಇವುಗಳಲ್ಲಿ ಯಾರಿಗೂ ತೊಂದರೆಯಿಲ್ಲ. ಅರ್ಧಕ್ಕೆ ಅರ್ಧ ಮಾಡುವುದು ಕೈಗೂ ಕಾಲಿಗೂ ಸಹಜ. ರೊಟ್ಟಿಯನ್ನು ಎರಡಾಗಿ, ಮತ್ತೆ ಎರಡಾಗಿ ಮುರಿದಂತೆ. ಆದರೆ ಮೂರು ಸ್ವರ ಬಂದಾಗ ತಲೆಗೆ ಮೂರರಲ್ಲೊಂದು ಮಾತ್ರೆ. ರೊಟ್ಟಿಯನ್ನು ಮೂರು ಸಮಪಾಲು ಮಾಡಲು ಹೊರಟವರೆಲ್ಲರೂ ಬಲ್ಲಂತೆ, ಕೈಯು ಮೊದಲು ಎರಡು ಮಾಡುತ್ತದೆ, ಆಮೇಲೆ ಒಂದು ಪಾಲನ್ನು ಮತ್ತೆ ಮುರಿಯುತ್ತದೆ. ಪಾಲುಗಳು ಮೂರೇ ಆದವು, ಆದರೆ ಒಂದು ದೊಡ್ಡದು, ಎರಡು ಸಣ್ಣವು. ತಿಶ್ರದ ಎಲ್ಲ ತಪ್ಪುಗಳೂ ಇದರಿಂದಲೇ ಹುಟ್ಟುತ್ತವೆ.

ಪಂಡಿತ ವಿಷ್ಣು ನಾರಾಯಣ ಭಾತಖಂಡೆಯವರು (1860-1936) ತಮ್ಮ ಕ್ರಮಿಕ ಪುಸ್ತಕ ಮಾಲಿಕೆಯ ಆರು ಭಾಗಗಳಲ್ಲಿ ಬಳಸಿದ ಸ್ವರಲಿಪಿಯೇ ನಮ್ಮ ಕಡೆಯ ಶಾಲೆಗಳಲ್ಲಿ ಹೆಚ್ಚಾಗಿ ಕಾಣುವುದು. ಅದರ ನಿಯಮ ಅತಿ ಸರಳ. ಒಂದು ಮಾತ್ರೆಯಲ್ಲಿ ಒಂದಕ್ಕಿಂತ ಹೆಚ್ಚು ಸ್ವರಗಳಿದ್ದರೆ ಅವುಗಳ ಕೆಳಗೆ ಒಂದು ಕಮಾನನ್ನು ಎಳೆಯುತ್ತಾರೆ. ಸ್ವರವು ಮುಂದೆ ಎಳೆಯಲ್ಪಟ್ಟರೆ ಒಂದು ಅಡ್ಡಗೆರೆಯನ್ನು ಇಡುತ್ತಾರೆ. ಕಮಾನಿನೊಳಗೆ ಅಕ್ಷರ, ಗೆರೆ ಎಲ್ಲ ಸೇರಿ ಎಷ್ಟು ಚಿಹ್ನೆಗಳಿವೆಯೋ ಅಷ್ಟು ಸಮಭಾಗಗಳಾಗಿ ಆ ಮಾತ್ರೆ ಒಡೆಯುತ್ತದೆ. ಅಷ್ಟೇ. (ಕಮಾನಿನ ಅಚ್ಚು ಸುಲಭವಾಗಿ ಸಿಗದ ಕಾರಣ ಇಲ್ಲಿ ಕಮಾನಿಗೆ ಬದಲಾಗಿ ಆವರಣಚಿಹ್ನೆಯನ್ನು ಬಳಸಿದ್ದೇವೆ; ವಾಚಕರು ಮನ್ನಿಸಬೇಕು.)

ಈ ನಿಯಮದಂತೆ (ಗಗರೆ) ಎಂದರೆ ಮೂರು ಚಿಹ್ನೆ, ಮೂರು ಸಮಭಾಗ. (ಗಗರೆ-) ಎಂದರೆ ನಾಲ್ಕು ಚಿಹ್ನೆ, ನಾಲ್ಕು ಸಮಭಾಗ; ಮೊದಲೆರಡು ಸ್ವರಗಳಿಗೆ ಕಾಲು ಕಾಲು ಮಾತ್ರೆ, ಕೊನೆಯದಕ್ಕೆ ಅರ್ಧ. ಕಾಣುವುದಕ್ಕೆ ಎರಡಕ್ಕೂ ಒಂದು ಗೆರೆಯ ವ್ಯತ್ಯಾಸ. ನಾವು ಅಜ್ಜಿಯವರ ಹಾಡನ್ನು ಬರೆಯುವಾಗ ಎಲ್ಲೆಲ್ಲಿಯೂ ಈ ಗೆರೆಯನ್ನು ಎಳೆದಿದ್ದೆವು. ಏಕೆಂದರೆ ನಮ್ಮ ಕಿವಿಯಲ್ಲಿ ಆಗಲೇ ಕೆಹರ್ವಾ ತಾಳ ಕುಳಿತಿತ್ತು. ಎಂಟು ಮಾತ್ರೆಯ ಆ ತಾಳವು ಎಲ್ಲವನ್ನೂ ನಾಲ್ಕು ನಾಲ್ಕಾಗಿ ಕೇಳಿಸುತ್ತದೆ. ಶಾಲೆಯಲ್ಲಿ ತಬಲಾ ನುಡಿಸುವ ಹುಡುಗನಿಗೂ ಅದೊಂದೇ ಚೆನ್ನಾಗಿ ಬರುತ್ತಿತ್ತು. ಹಾಡನ್ನು ನಾವು ಕೇಳಲಿಲ್ಲ. ತಾಳಕ್ಕೆ ಅಳವಟ್ಟ ಹಾಡನ್ನು ಕೇಳಿಕೊಂಡೆವು.

ಆ ಗೆರೆಯಿಂದ ಎಷ್ಟು ಅಂತರವಾಯಿತೆಂಬುದನ್ನು ಲೆಕ್ಕಹಾಕಿ ನೋಡಬಹುದು. ನಿಮಿಷಕ್ಕೆ 60 ಮಾತ್ರೆಗಳ ವೇಗದಲ್ಲಿ ಒಂದು ಮಾತ್ರೆಗೆ ಒಂದು ಸೆಕೆಂಡು. ಸಮವಾದ ಮೂರರಲ್ಲಿ ಎರಡನೆಯ ಸ್ವರವು 1/3 ಸೆಕೆಂಡಿಗೆ, ಮೂರನೆಯದು 2/3 ಸೆಕೆಂಡಿಗೆ ಹುಟ್ಟಬೇಕು. ನಮ್ಮ ಲಿಪಿಯಲ್ಲಿ ಅವು 1/4 ಕ್ಕೂ 1/2 ಕ್ಕೂ ಹುಟ್ಟಿದವು. ಎರಡನೆಯದು ಸೆಕೆಂಡಿನ ಹನ್ನೆರಡರಲ್ಲೊಂದು ಭಾಗ ಬೇಗ ಬಂದಿತು, ಮೂರನೆಯದು ಆರರಲ್ಲೊಂದು ಭಾಗ ಬೇಗ. ಹೀಗೆ ಧಾವಿಸಿ ಬಂದ ಮೂರನೆಯ ಸ್ವರ ಉಳಿದರ್ಧ ಮಾತ್ರೆ ನಿಂತು ಕಾಯಬೇಕಾಯಿತು. ಓಟ, ಓಟ, ನಿಲುಗಡೆ. ಅಜ್ಜಿಯವರ ಮಗಳು ಲೆಕ್ಕ ಹಾಕದೆಯೇ ಇದನ್ನು ಕಂಡುಹಿಡಿದಿದ್ದರು. ಸೆಕೆಂಡಿನ ಹನ್ನೆರಡರಲ್ಲೊಂದು ಭಾಗವು ಕಾಗದದ ಮೇಲೆ ಬಲು ಸಣ್ಣದು, ಕಿವಿಗೆ ಅಷ್ಟು ಸಣ್ಣದಲ್ಲ.

ಮಕ್ಕಳಿಗೆ ಈ ಭೇದವನ್ನು ಹೇಗೆ ಹೇಳುವುದು? ಭಿನ್ನರಾಶಿಯಿಂದ ಹೇಳಿ ನೋಡಿದೆವು. ತಲೆದೂಗಿದರು, ಹಾಡಿದಾಗ ಮತ್ತೆ ಕುಂಟಿದರು. ಕೊನೆಗೆ ನೆರವಿಗೆ ಬಂದದ್ದು ಕನ್ನಡ ವ್ಯಾಕರಣದ ತರಗತಿ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಮಾತ್ರೆ ಎಂದು ಛಂದಸ್ಸಿನ ಪಾಠದಲ್ಲಿ ಎಲ್ಲರೂ ಕಲಿಯುತ್ತಾರೆ. (ಛಂದಸ್ಸಿನ ಈ ಮಾತ್ರೆಯು ಒಂದು ಲಘುವಿನ ಕಾಲ, ತಾಳದ ಮಾತ್ರೆಯು ಒಂದು ಎಣಿಕೆಯ ಕಾಲ. ಹೆಸರು ಒಂದೇ ಆದುದರಿಂದ ಗೊಂದಲವಾಗದಿರಲಿ.) ಕಮಲ ಎಂಬ ಪದದಲ್ಲಿ ಮೂರು ಲಘು, ಅದು ನಗಣ, ಮೂರು ಸಮಭಾಗ. ಕೊನೆಯನ್ನು ಎಳೆದು ಕಮಲಾ ಎಂದರೆ ಅದು ಸಗಣ, ನಾಲ್ಕು ಭಾಗ. ಮಾಧವ ಎಂದರೆ ಭಗಣ. ಅಲ್ಲಿಯೂ ನಾಲ್ಕೇ, ಆದರೆ ಉದ್ದವು ಮೊದಲಲ್ಲಿ. ಮಹೇಶ ಎಂದರೆ ಜಗಣ; ಉದ್ದವು ನಡುವೆ. ನಾಲ್ಕು ಪದಗಳಿಗೂ ಅಕ್ಷರ ಮೂರೇ. ಒಂದು ಚಪ್ಪಾಳೆಯಿಂದ ಮುಂದಿನ ಚಪ್ಪಾಳೆಯೊಳಗೆ ಪ್ರತಿಯೊಂದನ್ನೂ ಕೂಡಿಸಿ ಹೇಳಿಸಿದರೆ, ಸ್ವರಲಿಪಿಯ ನಾಲ್ಕು ರೂಪಗಳು ಒಮ್ಮೆಲೇ ಕೈವಶವಾಗುತ್ತವೆ: ಕಮಲ ಎಂಬುದು (ಸರೆಗ), ಕಮಲಾ ಎಂಬುದು (ಸರೆಗ-), ಮಾಧವ ಎಂಬುದು (ಸ-ರೆಗ), ಮಹೇಶ ಎಂಬುದು (ಸರೆ-ಗ). ಇದನ್ನು ಹೇಳಿಕೊಟ್ಟ ದಿನ ಆರನೆಯ ತರಗತಿಯ ಹುಡುಗಿಯೊಬ್ಬಳು, "ಸರ, ನಾವು ಹೂವಿನ ಬದಲಿಗೆ ಹುಡುಗಿ ಹೆಸರ ಹಾಡಿದ್ವಿ" ಎಂದಳು. ನಮ್ಮ ತಪ್ಪನ್ನು ಇದಕ್ಕಿಂತ ಚಿಕ್ಕದಾಗಿ ಹೇಳಲು ನಮಗೆ ಇಂದಿಗೂ ಸಾಧ್ಯವಾಗಿಲ್ಲ.

ಮೂರು ಸ್ವರಗಳ ಈ ಗುಂಪಿಗೆ ಪಾಶ್ಚಾತ್ಯರು ಟ್ರಿಪ್ಲೆಟ್ ಎನ್ನುತ್ತಾರೆ. ಅವರ ಐದು ಗೆರೆಗಳ ಲಿಪಿಯಲ್ಲಿ ಪ್ರತಿ ಸ್ವರದ ಕಾಲವನ್ನೂ ಅದರ ಆಕಾರವೇ ಹೇಳುತ್ತದೆ: ಪೂರ್ಣ, ಅರ್ಧ, ಕಾಲು, ಅರೆಕಾಲು, ಹೀಗೆ ಅರ್ಧರ್ಧವಾಗಿ ಇಳಿಯುವ ಆಕಾರಗಳು. ಈ ಸಾಲಿನಲ್ಲಿ ಮೂರರಲ್ಲೊಂದಕ್ಕೆ ಆಕಾರವೇ ಇಲ್ಲ. ಆದುದರಿಂದ ಅವರು ಅರ್ಧದ ಆಕಾರವನ್ನೇ ಮೂರು ಸಲ ಬರೆದು, ಮೇಲೆ 3 ಎಂಬ ಅಂಕಿಯನ್ನು ಹಾಕುತ್ತಾರೆ. ಎರಡರ ಕಾಲದಲ್ಲಿ ಈ ಮೂರನ್ನು ನುಡಿಸತಕ್ಕದ್ದು ಎಂದರ್ಥ. 5 ಎಂದು ಬರೆದರೆ ಸಾಮಾನ್ಯವಾಗಿ ನಾಲ್ಕರ ಕಾಲದಲ್ಲಿ ಐದು. 7 ಎಂದರೆ ನಾಲ್ಕರ ಕಾಲದಲ್ಲಿ ಏಳು. ಮೂರು ಮೂರಾಗಿ ನಡೆಯುವ ಹಾಡಿನ ನಡುವೆ ಎರಡು ಬಂದರೆ, ಅಲ್ಲಿ 2 ಎಂಬ ಅಂಕಿ ಬೀಳುತ್ತದೆ. ಹೀಗೆ ಅಂಕಿ ಹೊತ್ತು ಬರುವುದರಿಂದಲೇ ಆ ಸ್ವರಗಳಿಗೆ ಅನಿಯತವೆಂಬ ಹೆಸರು ಬಂದಿತೇ ಹೊರತು ಅವುಗಳ ಸ್ವಭಾವದಿಂದಲ್ಲ. ಯುರೋಪಿನಲ್ಲಿಯೇ 13ನೆಯ ಶತಮಾನದಲ್ಲಿ, ಕೊಲೋನಿನ ಫ್ರಾಂಕೋ ಎಂಬ ಶಾಸ್ತ್ರಕಾರನ ಕಾಲಕ್ಕೆ, ಮೂರಾಗಿ ಒಡೆಯುವುದೇ ಪೂರ್ಣ, ಎರಡಾಗಿ ಒಡೆಯುವುದು ಅಪೂರ್ಣ ಎಂದೆಣಿಸಿದ್ದರು. 14ನೆಯ ಶತಮಾನದ ಹೊಸ ಪದ್ಧತಿಯಲ್ಲಿ ಎರಡಕ್ಕೆ ಸಮಾನ ಸ್ಥಾನ ದೊರೆಯಿತು. ಅನಂತರ ಎರಡೇ ರಾಜನಾಗಿ ಮೂರು ಅತಿಥಿಯಾಯಿತು. ಲಿಪಿಯು ಬದಲಾದಂತೆ ಯಾವುದು ನಿಯತ, ಯಾವುದು ಅನಿಯತ ಎಂಬುದೂ ಬದಲಾಗುವುದುಂಟು.

ನಮ್ಮಲ್ಲಿಯ ಪದ್ಧತಿಗಳನ್ನು ನೋಡಿದರೆ, ಕುರುಂದವಾಡದಲ್ಲಿ ಹುಟ್ಟಿ 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ಸ್ಥಾಪಿಸಿದ ಪಂಡಿತ ವಿಷ್ಣು ದಿಗಂಬರ ಪಲುಸ್ಕರರು ಪ್ರತಿ ಸ್ವರದ ಕೆಳಗೆ ಅದರ ಕಾಲವನ್ನು ಹೇಳುವ ಬೇರೆ ಬೇರೆ ಚಿಹ್ನೆಗಳನ್ನಿಟ್ಟರು. ಕರ್ನಾಟಕ ಪದ್ಧತಿಯಲ್ಲಿ ಸ್ವರದ ಮೇಲೆ ಒಂದು ಗೆರೆ ಎಳೆದರೆ ಕಾಲ ಅರ್ಧವಾಗುತ್ತದೆ, ಎರಡು ಗೆರೆಗೆ ಕಾಲುಭಾಗ. ಮೂರರ ನಡೆ ಬೇಕಾದಾಗ ತಿಶ್ರನಡೆಯೆಂದು ಮಾತಿನಿಂದಲೇ ಸೂಚಿಸುವುದುಂಟು. ಭಾತಖಂಡೆಯವರ ಕಮಾನಿಗೆ ಮಾತ್ರ ಈ ತೊಂದರೆಯಿಲ್ಲ. ಅದಕ್ಕೆ ಮೂರೂ ಒಂದೇ, ನಾಲ್ಕೂ ಒಂದೇ, ಐದೂ ಒಂದೇ, ಎಣಿಸಿದರೆ ಸಾಕು. ಮಕ್ಕಳ ಶಾಲೆಗೆ ಇದೇ ಲೇಸೆಂದು ನಮ್ಮ ಅಭಿಪ್ರಾಯ. ಆದರೆ ಅದರ ಸರಳತೆಯೇ ಅದರ ಅಪಾಯವೂ ಹೌದು: 3 ಎಂಬ ಅಂಕಿಯು ಓದುವವನನ್ನು ಎಚ್ಚರಿಸುತ್ತದೆ, ಕಮಾನು ಎಚ್ಚರಿಸುವುದಿಲ್ಲ. ಒಂದು ಗೆರೆ ಹೆಚ್ಚಾದರೂ ಕಡಿಮೆಯಾದರೂ ಅದು ಮೌನವಾಗಿ ಒಪ್ಪಿಕೊಳ್ಳುತ್ತದೆ.

ಇಲ್ಲಿ ಒಂದು ಭೇದವನ್ನು ಸ್ಪಷ್ಟವಾಗಿ ಹೇಳಬೇಕು. ವಿಷಮ ಲಯವೆಂದು ನಾವು ಕರೆಯುವುದರಲ್ಲಿ ಎರಡು ಜಾತಿಗಳಿವೆ. ಬಹಳ ಜನ ಅವೆರಡನ್ನೂ ಕೂಡಿಸಿಬಿಡುತ್ತಾರೆ. ಮೊದಲನೆಯದರಲ್ಲಿ ಮಾತ್ರೆಗಳೆಲ್ಲ ಸಮ, ಆದರೆ ಅವುಗಳ ಗುಂಪುಗಳು ಅಸಮ. ಏಳು ಮಾತ್ರೆಯ ರೂಪಕ ತಾಳದಲ್ಲಿ 3, 2, 2 ಎಂದು ಗುಂಪು. ಹತ್ತು ಮಾತ್ರೆಯ ಝಪತಾಳದಲ್ಲಿ 2, 3, 2, 3. ಹದಿನಾಲ್ಕು ಮಾತ್ರೆಯ ದೀಪಚಂದಿಯಲ್ಲಿ 3, 4, 3, 4. ಕನ್ನಡಿಗರಿಗೆ ಇದು ಹೊಸದಲ್ಲ. ಕುಮಾರವ್ಯಾಸನು ಭಾರತವನ್ನು ಬರೆದ ಭಾಮಿನೀ ಷಟ್ಪದಿಯ ಮೊದಲ ಸಾಲನ್ನು ಗಣವಿಂಗಡಿಸಿದರೆ 3, 4, 3, 4 ಎಂದೇ ಬರುತ್ತದೆ, ಮಾತ್ರೆ ಹದಿನಾಲ್ಕು. ಗಮಕಿಗಳ ಬಾಯಲ್ಲಿ ಭಾಮಿನಿಯನ್ನು ಕೇಳಿ ಬೆಳೆದ ಮಗುವಿಗೆ ದೀಪಚಂದಿಯ ಅಳತೆಯು ಆಗಲೇ ಪರಿಚಿತ. ಅದಕ್ಕೆ ಹೇಳಿಕೊಡಬೇಕಾದದ್ದು ತಬಲೆಯ ಬೋಲು ಮಾತ್ರ. ಲಕ್ಷ್ಮೀಶನ ವಾರ್ಧಕ ಷಟ್ಪದಿಯಲ್ಲಿ ಐದು ಐದರ ನಡಿಗೆಯುಂಟು, ಭೋಗ ಷಟ್ಪದಿಯಲ್ಲಿ ಮೂರು ಮೂರರದು.

ಎರಡನೆಯ ಜಾತಿಯಲ್ಲಿ ಗುಂಪುಗಳ ಕಾಲವು ಸಮ, ಆದರೆ ಒಳಗಿನ ಪಾಲುಗಳ ಸಂಖ್ಯೆ ಬೇರೆ ಬೇರೆ. ನಾಲ್ಕಾಗಿ ಒಡೆಯುತ್ತಿದ್ದ ಮಾತ್ರೆಯು ಒಮ್ಮೆಲೇ ಮೂರಾಗಿ ಒಡೆಯುತ್ತದೆ. ಮುಂದಿನ ಮಾತ್ರೆಯ ಪೆಟ್ಟು ತನ್ನ ಸ್ಥಳದಲ್ಲಿಯೇ ಬೀಳುತ್ತದೆ. ನಾವು ಹೇಳುತ್ತಿರುವ ತಿಶ್ರ ಇದು. ಒಂದು ದೃಷ್ಟಾಂತದಿಂದ ಹೇಳುವುದಾದರೆ, ಮೊದಲನೆಯದು ಸಮನಾದ ಇಟ್ಟಿಗೆಗಳಿಂದ ಕಟ್ಟಿದ ಉದ್ದ ಗಿಡ್ಡ ಗೋಡೆಗಳಂತೆ. ಎರಡನೆಯದು ಒಂದೇ ಉದ್ದದ ಗೋಡೆಗಳನ್ನು ಬೇರೆ ಬೇರೆ ಅಳತೆಯ ಇಟ್ಟಿಗೆಗಳಿಂದ ಕಟ್ಟಿದಂತೆ. ಆರು ಮಾತ್ರೆಯ ದಾದರಾ ತಾಳವೂ, ಧಾ ಧೀ ನಾ, ಧಾ ತೀ ನಾ ಎಂದು ಮೂರು ಮೂರೇ. ಆದರೆ ಅಲ್ಲಿ ಒಂದೊಂದು ಬೋಲೂ ಒಂದೊಂದು ಪೂರ್ಣ ಮಾತ್ರೆ. ಆದುದರಿಂದ ಅದನ್ನು ಬರೆಯಲು ಕಮಾನು ಬೇಡ. ಇಡೀ ಹಾಡು ಮೂರರಲ್ಲಿ ನಡೆದರೆ ದಾದರಾ ಎಂದು ಬರೆದು ನಿಶ್ಚಿಂತರಾಗಬಹುದು. ಹಾಡಿನಲ್ಲಿ ಮೂರೂ ಎರಡೂ ಬೆರೆತು ಬಂದಾಗಲೇ ಲಿಪಿಗೆ ಪರೀಕ್ಷೆ.

ಅಜ್ಜಿಯವರ ಹಾಡಿನಲ್ಲಿ ಅವು ಬೆರೆತೇ ಬಂದಿದ್ದವು, ಮತ್ತು ಬರಲೇಬೇಕಿತ್ತು. ಇದನ್ನು ತಿಳಿಯಲು ತ್ರಿಪದಿಯ ಕಟ್ಟನ್ನು ನೋಡಬೇಕು. ಕ್ರಿ. ಶ. 700ರ ಸುಮಾರಿನ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿಯೇ ತ್ರಿಪದಿಯು ಕಾಣಿಸಿಕೊಂಡಿದೆ. ಸೊನ್ನಲಿಗೆಯೆಂದು ಹೆಸರಾಗಿದ್ದ ಇದೇ ಸೋಲಾಪುರದ ಸಿದ್ಧರಾಮನ ಹೆಸರಿನಲ್ಲಿ ತ್ರಿವಿಧಿಗಳಿವೆ. ಸರ್ವಜ್ಞನ ವಚನಗಳೂ ಗರತಿಯರ ಬೀಸುವ ಪದಗಳೂ ಇದೇ ಅಳತೆಯವು. ಇದು ಅಂಶಗಣದ ಛಂದಸ್ಸು. ಮೂರು ಸಾಲಿಗೆ ಹನ್ನೊಂದು ಗಣಗಳು: ನಾಲ್ಕು, ನಾಲ್ಕು, ಮೂರು. ಇವುಗಳಲ್ಲಿ ಆರನೆಯದೂ ಹತ್ತನೆಯದೂ ಬ್ರಹ್ಮಗಣ. ಉಳಿದ ಒಂಬತ್ತೂ ವಿಷ್ಣುಗಣ. ವಿಷ್ಣುಗಣಕ್ಕೆ ಮೂರು ಅಂಶ, ಬ್ರಹ್ಮಗಣಕ್ಕೆ ಎರಡು. ಅಂಶವೆಂಬುದು ಗಟ್ಟಿಯಾದ ಅಳತೆಯಲ್ಲ, ಹಾಡುವಾಗ ಹಿಗ್ಗುತ್ತದೆ, ಕುಗ್ಗುತ್ತದೆ.

ಈಗ ಕಲ್ಲಿನ ಕಡೆಗೆ ನೋಡಿ. ಬೀಸುವವರ ಕೈಯಲ್ಲಿ ಗೂಟವಿದೆ, ಕಲ್ಲು ಸುತ್ತುತ್ತದೆ, ಕಾಳಿನ ಭಾರದಿಂದ ಅದರ ವೇಗ ಒಂದೇ ಸಮನಾಗಿರುತ್ತದೆ. ಕಲ್ಲು ತಾಳವನ್ನು ಹಿಡಿದಿದೆ, ಬಾಯಿಗೆ ಅದನ್ನು ಬದಲಿಸುವ ಅಧಿಕಾರವಿಲ್ಲ. ಆ ಅಜ್ಜಿಯವರ ಧಾಟಿಯಲ್ಲಿ ಒಂದು ಗಣಕ್ಕೆ ಕಲ್ಲಿನ ಒಂದು ಸುತ್ತು. ಮೂರಂಶದ ಗಣ ಬಂದಾಗ ಸುತ್ತಿನೊಳಗೆ ಮೂರು ಸಮಸ್ವರ. ಎರಡಂಶದ ಗಣ ಬಂದಾಗ ಅದೇ ಸುತ್ತಿನೊಳಗೆ ಎರಡು ಸಮಸ್ವರ, ತುಸು ಹಿಗ್ಗಿ. ಆದುದರಿಂದ ಕೆಹರ್ವಾದ ನಾಲ್ಕರ ಚೌಕಟ್ಟಿನಲ್ಲಿ ಎರಡರ ಗಣಗಳು ಸರಿಯಾಗಿ ಕುಳಿತು ಮೂರರವು ಕುಂಟಿದವು. ಆ ಹಾಡಿನಲ್ಲಿ ನಮ್ಮ ಹುಡುಗಿಯರು ಸರಿಯಾಗಿ ಹಾಡಿದ ಸ್ಥಳಗಳೆಂದರೆ ಆ ಎರಡು ಬ್ರಹ್ಮಗಣಗಳು ಮಾತ್ರವೇ! ಹಾಗೆಂದು ದಾದರಾ ಹಾಕಿದ್ದರೆ ಮೂರರವು ಸರಿಹೋಗಿ, ಎರಡರವು ಒಂದು ಉದ್ದ ಒಂದು ಗಿಡ್ಡವಾಗಿ ಕುಂಟುತ್ತಿದ್ದವು. ಈ ಹಾಡಿಗೆ ಎರಡು ಸಿದ್ಧತಾಳಗಳಲ್ಲಿ ಒಂದೂ ಒಗ್ಗದು. ಕಮಾನೊಂದೇ ಅದನ್ನು ಹಿಡಿಯಬಲ್ಲದು. ಪುನರಾವೃತ್ತಿಯನ್ನು ಬಿಟ್ಟು ಬರೆದರೆ ಅದರ ಆಕಾರ ಹೀಗೆ: ಮೊದಲ ಸಾಲಿನ ನಾಲ್ಕು ಕಮಾನುಗಳಲ್ಲಿ ಸ್ವರಗಳು 3, 3, 3, 3, ಎರಡನೆಯದರಲ್ಲಿ 3, 2, 3, 3, ಮೂರನೆಯದರಲ್ಲಿ 3, 2, 3. ಒಂದಂಶಕ್ಕೆ ಒಂದು ಸ್ವರವೆಂದರೆ ಒಟ್ಟು 31 ಸ್ವರ, ಹನ್ನೊಂದು ಸುತ್ತು.

ಇನ್ನೊಂದು ಸೂಕ್ಷ್ಮವುಂಟು. ಅಂಶಗಣದ ಮೊದಲ ಅಂಶದಲ್ಲಿ ಒಂದು ಗುರು ಇರಬಹುದು, ಅಥವಾ ಎರಡು ಲಘುಗಳಿರಬಹುದು. ಎರಡು ಲಘು ಬಂದಾಗ ವಿಷ್ಣುಗಣದಲ್ಲಿ ಅಕ್ಷರಗಳು ನಾಲ್ಕಾಗುತ್ತವೆ. ಅಕ್ಷರವೆಣಿಸಿ ಬರೆಯುವವನು ಅಲ್ಲಿ ನಾಲ್ಕು ಸಮಸ್ವರಗಳನ್ನು ಹಾಕಿಬಿಡುತ್ತಾನೆ, ನಾವೂ ಹಾಕಿದ್ದೆವು. ಅಂಶ ಮಾತ್ರ ಮೂರೇ. ಮೊದಲ ಮೂರನೆಯ ಪಾಲೊಂದೇ ಮತ್ತೆ ಎರಡಾಗಿ ಒಡೆದಿದೆ. ಅದನ್ನು ಬರೆಯಬೇಕಾದರೆ ಮಾತ್ರೆಯನ್ನು ಆರು ಭಾಗ ಮಾಡಿ (ಗಗರೆ-ಸ-) ಎಂದು ಬರೆಯಬೇಕು. ಆರು ಚಿಹ್ನೆ, ನಾಲ್ಕು ಸ್ವರ, ಮೂರಂಶ. ಕಾಗದದ ಮೇಲೆ ಇದು ಒಗಟಿನಂತೆ ಕಾಣುತ್ತದೆ. ಬಾಯಲ್ಲಿ ಎಷ್ಟು ಸಲೀಸಾಗಿ ಹರಿಯುತ್ತಿತ್ತೆಂಬುದನ್ನು ಕೇಳಿದವರೇ ಬಲ್ಲರು.

ಲಯಕಾರಿಯಲ್ಲಿ ಇದಕ್ಕಿಂತ ಮುಂದಿನ ಮೆಟ್ಟಿಲೂ ಉಂಟು. ಒಂದು ಮಾತ್ರೆಯಲ್ಲಿ ಮೂರಾದರೆ ಅದು ತಿಗುನ್; ಎರಡು ಮಾತ್ರೆಗಳಲ್ಲಿ ಮೂರಾದರೆ ಆಡ. ಆಡದಲ್ಲಿ ನಡುವಿನ ಸ್ವರವು ಒಂದು ಮಾತ್ರೆಯ ಬಾಲವನ್ನೂ ಮುಂದಿನದರ ತಲೆಯನ್ನೂ ಹಿಡಿದು ನಿಲ್ಲುತ್ತದೆ. ಬರೆಯುವುದು ಹೀಗೆ: (ಸ-ರೆ)(-ಗ-). ಇಲ್ಲಿ ಅಂಕಗಣಿತದ ಲಘುತಮ ಸಾಮಾನ್ಯ ಅಪವರ್ತ್ಯವು ಕೆಲಸಕ್ಕೆ ಬರುತ್ತದೆ. ಎರಡಕ್ಕೂ ಮೂರಕ್ಕೂ ಅದು ಆರು. ಆರರವರೆಗೆ ಸಮವಾಗಿ ಎಣಿಸುತ್ತ, ಬಲಗೈಯಿಂದ 1, 3, 5 ಕ್ಕೂ ಎಡಗೈಯಿಂದ 1, 4 ಕ್ಕೂ ಮೇಜನ್ನು ತಟ್ಟಿದರೆ ಆಡವು ಕೈಗೆ ಬರುತ್ತದೆ. ಮೊದಲ ದಿನ ಯಾರಿಗೂ ಆಗುವುದಿಲ್ಲ. ಮೂರನೆಯ ದಿನ ಎಲ್ಲರಿಗೂ ಆಗುತ್ತದೆ, ಶಿಕ್ಷಕರನ್ನು ಬಿಟ್ಟು. ನಾಲ್ಕರ ಕಾಲದಲ್ಲಿ ಐದು, ಏಳು ಮೊದಲಾದವುಗಳ ಹೆಸರುಗಳಲ್ಲಿ ಘರಾಣೆಗಳೊಳಗೆ ಮತಭೇದವಿರುವುದರಿಂದ ಆ ಗೊಡವೆಗೆ ಹೋಗುವುದಿಲ್ಲ. ಕರ್ನಾಟಕ ಪದ್ಧತಿಯಲ್ಲಂತೂ ಏಳು ತಾಳಗಳನ್ನು ಐದು ಜಾತಿಗಳಿಂದ 35 ಮಾಡಿ, ಅವನ್ನು ಮತ್ತೆ ಐದು ಗತಿಗಳಿಂದ 175 ಮಾಡಿದ್ದಾರೆ. ತಕಿಟ, ತಕಧಿಮಿ, ತಕತಕಿಟ ಎಂಬ ಕೊನ್ನಕ್ಕೋಲಿನ ಪದಗಳು ಮೂರು, ನಾಲ್ಕು, ಐದನ್ನು ಬಾಯಿಪಾಠ ಮಾಡಿಸುವುದಕ್ಕಾಗಿಯೇ ಹುಟ್ಟಿದಂತಿವೆ. ಹಿಂದುಸ್ತಾನಿ ಕಲಿಸುವ ನಮ್ಮ ಶಾಲೆಗಳು ಇವನ್ನು ಎರವಲು ಪಡೆದರೆ ಯಾವ ಘರಾಣೆಗೂ ಅಪಚಾರವಾಗದು.

ಇಷ್ಟೆಲ್ಲ ಯಾತಕ್ಕೆ, ಮೊಬೈಲಿನಲ್ಲಿ ಹಿಡಿದಿಟ್ಟರೆ ಆಯಿತಲ್ಲ ಎಂದು ಕೇಳುವವರುಂಟು. ಹಿಡಿಯಲೇಬೇಕು, ಎರಡು ಕಡೆ ಹಿಡಿಯಬೇಕು. ನಮ್ಮಂತೆ ಒಂದೇ ಕಡೆ ಹಿಡಿದು ಕಳೆದುಕೊಳ್ಳಬಾರದು. ಆದರೆ ಧ್ವನಿಮುದ್ರಣವು ಕೇಳಿಸುತ್ತದೆ, ವಿಂಗಡಿಸಿ ತೋರಿಸುವುದಿಲ್ಲ. ಕೆಹರ್ವಾ ತುಂಬಿದ ಕಿವಿಯು ಮುದ್ರಣದಲ್ಲಿಯೂ ಕೆಹರ್ವಾವನ್ನೇ ಕೇಳುತ್ತದೆ. ಭೀಮೆಯ ಆಚೆಗಿನ ಹಲಸಂಗಿಯ ಗೆಳೆಯರು 1931ರಲ್ಲಿ ಗರತಿಯ ಹಾಡುಗಳನ್ನು ಪುಸ್ತಕವಾಗಿ ಹೊರತಂದುದರಿಂದ ಪದಗಳು ಉಳಿದವು. ಧಾಟಿಯು ಹಾಡುವವರ ಬಾಯಲ್ಲಿಯೇ ಉಳಿಯಿತು. 1944ರಿಂದ 1956ರವರೆಗೆ ಸೋಲಾಪುರದ ಡಿ. ಎ. ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದ ದ. ರಾ. ಬೇಂದ್ರೆಯವರು ಇಂಥ ಜಾನಪದ ಧಾಟಿಗಳನ್ನೇ ತಮ್ಮ ಕವಿತೆಗೆ ತಂದುಕೊಂಡರು. ಪುಟದಲ್ಲಿ ಅವರ ಸಾಲುಗಳನ್ನು ಓದುವಾಗ ಎಲ್ಲಿ ಮೂರು, ಎಲ್ಲಿ ನಾಲ್ಕು ಎಂದು ಮಕ್ಕಳು ತಡವರಿಸುವುದನ್ನು ನಾವು ಪ್ರತಿವರ್ಷ ನೋಡುತ್ತೇವೆ. ಕಿವಿಗೆ ಸಿದ್ಧತೆಯಿಲ್ಲದಿದ್ದರೆ ಅಚ್ಚಿಗೆ ನಾಲಗೆಯಿಲ್ಲ.

ನಮ್ಮ ನೋಟುಬುಕ್ಕಿನ ಗತಿಯೇನಾಯಿತೆಂಬುದನ್ನು ಹೇಳಿ ಮುಗಿಸುತ್ತೇವೆ. ಅಜ್ಜಿಯವರ ಮಗಳು ನಮ್ಮ ಮೇಲೆ ದಯವಿಟ್ಟು, ನಾಲ್ಕು ಭಾನುವಾರ ಆ ಕಲ್ಲಿನ ಮುಂದೆ ಕುಳಿತರು. ಕಾಳು ಹಾಕದೆ ಹಾಡಲು ಬರುವುದಿಲ್ಲವೆಂದು ಒಂದು ಮುಷ್ಟಿ ಜೋಳವನ್ನು ಸುರಿದುಕೊಂಡೇ ಹಾಡಿದರು. ಹುಡುಗಿಯರು ಸುತ್ತಿಗೊಂದು ಚಪ್ಪಾಳೆ ತಟ್ಟುತ್ತ, ಹೂವೋ ಹುಡುಗಿಯೋ ಎಂದು ಪ್ರತಿ ಕಮಾನನ್ನೂ ಕೇಳಿ ಗುರುತಿಸಿದರು. ಅವರ ಮೂರು ಸ್ವರಗಳು ಗಣಿತದ ಮೂರರಂತೆ ಅಷ್ಟು ಕಡ್ಡಾಯವಾಗಿ ಸಮವಾಗಿರಲಿಲ್ಲ. ನಡುವಿನದು ಕೂದಲೆಳೆಯಷ್ಟು ತಡೆಯುತ್ತಿತ್ತು. ಅದಕ್ಕೆ ಲಿಪಿಯಿಲ್ಲ, ಬೇಕೆಂದೂ ನಮಗನಿಸಲಿಲ್ಲ. ಹನ್ನೆರಡು ತ್ರಿಪದಿಗಳಲ್ಲಿ ಒಂಬತ್ತನ್ನು ಹೀಗೆ ತಿದ್ದಿಕೊಂಡೆವು. ಅಡ್ಡಗೆರೆಗಳನ್ನು ಮಕ್ಕಳೇ ರಬ್ಬರಿನಿಂದ ಅಳಿಸಿದರು. ಉಳಿದ ಮೂರರ ಧಾಟಿಯೇ ಬೇರೆ. ಅದು ಮಗಳಿಗೂ ಬಾರದು. ಅವು ನೋಟುಬುಕ್ಕಿನಲ್ಲಿ ಗೆರೆಗಳ ಸಹಿತವಾಗಿ ಹಾಗೆಯೇ ಇವೆ. ಗಣವಿಂಗಡಿಸಿ ಊಹಿಸಿದ ಪಾಠವನ್ನು ಮಗ್ಗುಲಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದ್ದೇವೆ. ಆ ಗೆರೆಗಳಲ್ಲಿ ಯಾವುದು ಅಜ್ಜಿಯವರದು, ಯಾವುದು ನಮ್ಮದು ಎಂದು ಹೇಳಬಲ್ಲವರು ಈಗ ಯಾರೂ ಇಲ್ಲ.